ನಾಲ್ಕು ಬೆರಳಿನ ಗುರುತು

ಕಾಲರಿನ ಎಡತುದಿ ಬಲತುದಿಗಿಂತ ಒಂದು ನೂಲು ಉದ್ದ, ಯಾವ ಪುಣ್ಯಾತ್ಮ ಹೊಲಿದನೋ, ವಿಮೆ ಕಂಪನಿಯವನು ಬಗ್ಗಿ ಬರೆದಾಗಲೆಲ್ಲ ಅದು ಹೊರಗೆ ಇಣುಕುತ್ತದೆ, ಬಿಚ್ಚಿ ಕೊಡಿ ಸಾರ್ ಐದೇ ನಿಮಿಷ ಸರಿಮಾಡ್ತೀನಿ ಅಂತ ದರ್ಜಿಯ ಬಾಯಿಗೆ ಬಂದೇಬಿಟ್ಟಿತ್ತು, ನುಂಗಿಕೊಂಡ — ಇದೇನು ಹೊತ್ತುಗೊತ್ತಿಲ್ಲದ ಬುದ್ಧಿ, ಮಂಚದ ಮೇಲೆ ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಇಪ್ಪತ್ತಮೂರು ದಿನದಿಂದ ಮಲಗಿದ್ದಾಳೆ, ಮಗನ ಕಣ್ಣು ಕಾಲರಿನ ಮೇಲೆ. ಹೇಳಿ ಅಮ್ಮ, ವಿಮೆಯವನು ಅನ್ನುತ್ತಾನೆ, ನಿಧಾನಕ್ಕೆ ಹೇಳಿ, ಅಂಗಡಿ ಒಳಗೆ ಹೋದ್ರಿ, ಆಮೇಲೆ? ಅಮ್ಮ ಹೇಳುತ್ತಾಳೆ, ಅವಳಿಗೇನು, ಕೇಳುವವರೊಬ್ಬರು ಸಿಕ್ಕರೆ ಸಾಕು. ಐಸ್‌ಕ್ರೀಮಿನ ಪೆಟ್ಟಿಗೆ ಇತ್ತಪ್ಪ, ಅದರಡಿಯಿಂದ ನೀರು ಸೋರಿ ನೆಲ ಎಲ್ಲ ಒದ್ದೆ, ಒಂದು ಬೋರ್ಡಿಲ್ಲ, ಒಂದು ಗೋಣಿಚೀಲ ಹಾಕಿಲ್ಲ, ನನ್ನ ಕಾಲು ಸರ್ರ್ ಅಂತು, ಇವನು ಆರು ಮಾರು ದೂರದಲ್ಲಿದ್ದ ನೋಡು, ಹಾರಿ ಬಂದ್ಬಿಟ್ಟ. ಅಮ್ಮನ ಕಥೆಯಲ್ಲಿ ಮೊದಲ ದಿನ ಅವನು ಪಕ್ಕದಲ್ಲೇ ಇದ್ದ, ಆಸ್ಪತ್ರೆಯಲ್ಲಿ ಎರಡು ಮಾರು ಆಯಿತು, ಅಕ್ಕ ಬಂದಾಗ ನಾಲ್ಕು, ಈಗ ಆರು, ಹೀಗೇ ಬಿಟ್ಟರೆ ತಿಂಗಳ ಕೊನೆಗೆ ಬೀದಿಯ ಆಚೆಯಿಂದ ಹಾರಿ ಬರಬೇಕಾದೀತು. ವಿಮೆಯವನು ಮೆಚ್ಚಿಕೊಂಡು ತಲೆಯಾಡಿಸಿ ಬರೆದುಕೊಂಡ.

ನಗು ಬರಬೇಕಿತ್ತು, ಬರುವುದಿಲ್ಲ, ಯಾಕೆಂದರೆ ಹಾರಿ ಬಂದವನಿಗೆ ಗೊತ್ತು, ಅಮ್ಮ ಜಾರಲೇ ಇಲ್ಲ. ಜಾರಿದ್ದು ಅವನು. ಅಮ್ಮ ಒಣನೆಲದ ಮೇಲೆ ನೆಟ್ಟಗೆ ನಿಂತು ಬಕೆಟ್ಟಿನ ಹಿಡಿ ಎಳೆದು ನೋಡುತ್ತಿದ್ದಳು, ಇದು ಎರಡು ತಿಂಗಳೂ ಬಾಳಲ್ಲ ಕಣೋ ಅಂದಳು, ಅವನು ಅತ್ತ ಒಂದು ಹೆಜ್ಜೆ ಇಟ್ಟ, ಹಿಮ್ಮಡಿಯ ಕೆಳಗಿಂದ ನೆಲ ಹೊರಟೇಹೋಯಿತು, ಕೈ ತಾನಾಗಿ ಹೋಗಿ ಅವಳ ಎಡ ಮುಂದೋಳನ್ನು ಹಿಡಿಯಿತು — ಈಚೆ ಬದಿಗೆ ಕಬ್ಬಿಣದ ಕಪಾಟಿತ್ತು, ಅದನ್ನು ಹಿಡಿಯಬಹುದಿತ್ತು, ಎಷ್ಟು ಸಲ ನೆನೆದರೂ ಆ ಕಪಾಟು ಅಲ್ಲೇ ಇದೆ, ಗೇಣು ದೂರದಲ್ಲಿ — ಐವತ್ತೆರಡು ವರ್ಷದ ಗಂಡಸು, ಎಂಬತ್ತು ಕಿಲೋ ಮೈ, ಹೆದರಿದ ಕೂಡಲೇ ಕೈಗೆ ನೆನಪಾದದ್ದು ಅಮ್ಮನ ತೋಳು. ಕುಂಡಿಯೂರಿ ಬಿದ್ದ, ಏನೂ ಆಗಲಿಲ್ಲ, ಒಂದು ತರಚುಗಾಯವೂ ಇಲ್ಲ, ಥೂ. ಅವಳು ಅವನನ್ನು ದಾಟಿ ಆಚೆಗೆ ಬಿದ್ದಳು, ಹಲ್ಲಿನಲ್ಲಿ ದಾರ ಕಡಿದಷ್ಟು ಸಣ್ಣ ಸದ್ದು, ಅಷ್ಟೇ. ಜನ ಓಡಿ ಬರುವ ಮೊದಲೇ, ಯಾರೂ ಏನೂ ಕೇಳುವ ಮೊದಲೇ, ಕೆನ್ನೆ ನೆಲಕ್ಕೊತ್ತಿಕೊಂಡೇ ಕೂಗಿದಳು, ನಾನೇ ಜಾರಿದೆ, ಪಾಪ ಇವನು ಹಿಡ್ಕೊಳ್ಳೋಕೆ ಬಂದ. ಅದೆಷ್ಟು ಬೇಗ ಹೊಳೆಯಿತು ಅವಳಿಗೆ, ಮುರಿದ ಮೂಳೆಯ ನೋವು ಇನ್ನೂ ತಲೆಗೇರಿರಲಿಲ್ಲ, ಅಷ್ಟರಲ್ಲೇ ಮಗನನ್ನು ಸೆರಗಿನ ಮರೆಗೆ ಎಳೆದುಕೊಂಡುಬಿಟ್ಟಳು.

ಇದೋ ನೋಡಿ ಸಾರ್, ಇದಕ್ಕಿಂತ ಸಾಕ್ಷಿ ಬೇಕಾ, ವಿಮೆಯವನು ಫೋಟೋ ಸ್ಟೂಲಿನ ಮೇಲಿಡುತ್ತಾನೆ, ಅಕ್ಕ ಆಸ್ಪತ್ರೆಯಲ್ಲಿ ತೆಗೆದದ್ದು — ಸುಕ್ಕುಗಟ್ಟಿದ ತೋಳಿನ ಮೇಲೆ ಒಂದರ ಪಕ್ಕ ಒಂದು ನಾಲ್ಕು ನೀಲಿ ಗುರುತು. ನರ್ಸು ನೋಡಿ ಅಂದಿದ್ದಳು, ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ ಪಾಪ, ಪುಣ್ಯ ಮಾಡಿದ್ರಿ ಅಮ್ಮ ಇಂಥ ಮಗನ್ನ ಪಡೆಯೋಕೆ. ಅವನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡ. ಹಿಡಿದು ನಿಲ್ಲಿಸಲು ಹೋದರೂ ಅದೇ ಗುರುತು, ಹಿಡಿದು ಎಳೆದು ಕೆಡವಿದರೂ ಅದೇ ಗುರುತು, ಚರ್ಮಕ್ಕೇನು ಗೊತ್ತು. ಅಂಗಡಿಯ ಆ ಮೂಲೆಯ ಕ್ಯಾಮರಾ ಕೆಟ್ಟು ವರ್ಷವಾಯಿತಂತೆ, ಹಾಗಂತ ಕೇಳಿದಾಗ ಅಬ್ಬಾ ಅನಿಸಿತಲ್ಲ, ಆ ಅಬ್ಬಾ ಅಂದದ್ದಕ್ಕೇ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು. ತೋಳಿನ ಮೇಲಿನ ನೀಲಿ ಹಸಿರಾಯಿತು, ಹಳದಿಯಾಯಿತು, ಹೋಯಿತು, ಅವನ ಕಣ್ಣಿಂದ ಮಾತ್ರ ಹೋಗುವುದಿಲ್ಲ, ಮೊನ್ನೆ ಯಾರದ್ದೋ ಅಂಗಿಯ ತೋಳಿನ ಬಟ್ಟೆ ಹಾಸಿಕೊಂಡು ಸೀಮೆಸುಣ್ಣ ಎಳೆದ, ನೋಡಿದರೆ ಅಳತೆಯಲ್ಲ ಏನಲ್ಲ, ಅಡ್ಡಡ್ಡಕ್ಕೆ ನಾಲ್ಕು ಗೀಟು. ಕೊಡವಿದ, ಹೋಗಲಿಲ್ಲ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತೆಗೆದ.

ಹೇಳಿಬಿಡಬೇಕು, ಈಗಲೇ, ಇವನು ಎದ್ದು ಹೋಗುವ ಮೊದಲೇ — ಹೇಳಿದರೆ? ಬಾಗಿಲಲ್ಲಿ ಶೂ ಬಿಚ್ಚುವಾಗಲೇ ವಿಮೆಯವನು ಅಂದಿದ್ದ, ಅಂಗಡಿಯವರು ಮಾಡಿಸಿದ ವಿಮೆ ಇದು, ನೆಲದ ನೀರಿಗೆ ಅವರೇ ಜಾರಿದ್ರೆ ಪರಿಹಾರ ಕೊಡ್ಸೋದು ನನ್ನ ಜವಾಬ್ದಾರಿ ಸಾರ್, ಯಾರೋ ತಳ್ಳಿಯೋ ಎಳೆದೋ ಬಿದ್ದಿದ್ರೆ ಮಾತ್ರ ನಮ್ಮ ಕಡೆಯಿಂದ ಬಿಡಿಗಾಸೂ ಹುಟ್ಟಲ್ಲ. ಡಾಕ್ಟರು ಅಂದದ್ದು, ಈ ತಿಂಗಳೊಳಗೆ ಆಪರೇಷನ್ ಆದ್ರೆ ಕೋಲು ಹಿಡ್ಕೊಂಡು ಓಡಾಡ್ತಾರೆ, ಆಗ್ಲಿಲ್ಲ ಅಂದ್ರೆ ಮಂಚವೇ ಗತಿ. ಇರುವ ಎರಡು ಮೆಷೀನು ಮಾರಿದರೂ ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದು. ಸುಳ್ಳು ಅಮ್ಮನನ್ನು ನಡೆಸುತ್ತದೆ, ನಿಜ ಮಲಗಿಸುತ್ತದೆ, ಇನ್ನೇನು ಯೋಚನೆ, ಆದರೂ ಎದೆಯಲ್ಲಿ ಕಲ್ಲು. ಅವಳಿಗಾದರೂ ಹೇಳಿ ಹಗುರಾಗೋಣವೆಂದು ಹೋದ ವಾರ ಬಾಯಿ ತೆಗೆದ, ಅಮ್ಮ, ಅವತ್ತು ನಾನು — ಸುಮ್ನಿರೋ, ಬೆನ್ನಿಗೆ ದಿಂಬು ಕೊಡು. ದಿಂಬು ಕೊಡಲು ಕೈ ಚಾಚಿದ, ಅವಳ ಎಡಗೈ ಸರಕ್ಕನೆ ರಗ್ಗಿನೊಳಗೆ ಹೋಯಿತು. ಬಾಯಿ ಅದರ ಪಾಡಿಗೆ ಬಿಸಿನೀರು ಕಾಯ್ತಾ ಅಂತ ಕೇಳುತ್ತಿತ್ತು. ಮರುದಿನವೂ ಹಾಗೇ, ಮಾತ್ರೆ ಕೊಡುವಾಗ, ಮಗ್ಗುಲು ತಿರುಗಿಸುವಾಗ. ಹೆಂಡತಿ ಕೈ ಚಾಚಿದರೆ ಹೋಗುವುದಿಲ್ಲ, ಅಕ್ಕ ಕೈ ಚಾಚಿದರೂ ಹೋಗುವುದಿಲ್ಲ, ಕೂತು ಕೂತು ಲೆಕ್ಕ ಹಾಕಿದ್ದಾನೆ, ಅವನ ಕೈ ಕಂಡರೆ ಮಾತ್ರ. ಅವಳಿಗೇ ಅದು ಗೊತ್ತಿಲ್ಲ, ಗೊತ್ತಾಗದಿರಲಿ ದೇವರೇ ಎಂದು ಈಗ ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಕೋಣೆಗೆ ಬರುತ್ತಾನೆ.

ಸರಿ ಅಮ್ಮ, ಎಲ್ಲಾ ಆಯ್ತು, ವಿಮೆಯವನು ಫೈಲು ಮುಚ್ಚುತ್ತಾನೆ, ಮತ್ತೆ ತೆರೆಯುತ್ತಾನೆ, ಒಂದು ಫೋಟೋ ಬಾಕಿ ಇದೆ ಸಾರ್, ಅವತ್ತು ಹೇಗೆ ಹಿಡಿದ್ರಿ ಅಂತ ಒಂದ್ಸಲ ಹಿಡಿದು ತೋರಿಸಿಬಿಡಿ, ಮೇಲಿನವರು ಕೇಳ್ತಾರೆ. ದರ್ಜಿ ಒಂದು ಹೆಜ್ಜೆ ಹಿಂದೆ ಸರಿದ. ಅದೆಲ್ಲ ಯಾಕೆ ಸಾರ್, ಫೋಟೋ ಇದೆಯಲ್ಲ. ಒಂದೇ ನಿಮಿಷ ಸಾರ್, ಬನ್ನಿ ಈ ಕಡೆ, ಬೆಳಕಿಗೆ. ಮಂಚಕ್ಕೆ ಮೂರು ಹೆಜ್ಜೆ, ಇಡುತ್ತಾನೆ, ಬೆನ್ನ ಹಿಂದಿನಿಂದ ಕೈ ಬಿಚ್ಚುತ್ತಾನೆ, ಚಾಚುತ್ತಾನೆ, ಅಮ್ಮ ನಗುತ್ತಲೇ ಇದ್ದಾಳೆ, ಎಡಗೈ ಇಲ್ಲ. ರಗ್ಗು ಒಮ್ಮೆ ಮಿಸುಕಿ ಸುಮ್ಮನಾಯಿತು. ಎಡಗೈ ಅಲ್ವಾ ಅಮ್ಮ, ಆಚೆ ತೆಗೀರಿ. ಅಮ್ಮ ರಗ್ಗು ನೋಡುತ್ತಾಳೆ. ಮಗನ ಮುಖ ನೋಡುತ್ತಾಳೆ. ಮತ್ತೆ ರಗ್ಗು. ನಗು ಇದ್ದಲ್ಲೇ ಆರಿಹೋಯಿತು, ಈಗ ಅವಳಿಗೂ ಗೊತ್ತಾಯಿತು, ಇಷ್ಟು ದಿನ ಅವನಿಗೆ ಗೊತ್ತಿತ್ತೆಂಬುದೂ ಗೊತ್ತಾಯಿತು.

ಸಾರ್, ಅವತ್ತು — ಅನ್ನುತ್ತಾನೆ. ಏನಿಲ್ಲಪ್ಪ, ನಾಚಿಕೆ ಸ್ವಭಾವ ಇವಂದು, ನೀನು ತೆಗಿ ಫೋಟೋ, ಅಮ್ಮ ಬಲಗೈಯನ್ನು ರಗ್ಗಿನೊಳಗೆ ಹಾಕುತ್ತಾಳೆ, ಮಣಿಕಟ್ಟು ಹಿಡಿದು ಎಡಗೈಯನ್ನು ಹೊರಗೆಳೆಯುತ್ತಾಳೆ, ಅದು ಬರಲೊಲ್ಲದು, ಎಳೆಯುತ್ತಾಳೆ, ತಂದು ಅವನ ಅಂಗೈಯ ಮೇಲಿಡುತ್ತಾಳೆ. ಹಿಡ್ಕೋ ಮಗಾ. ತಣ್ಣಗಿದೆ, ಗಡಗಡ ನಡುಗುತ್ತಿದೆ, ಅಲ್ಲಾಡ್ಬೇಡಿ ಸಾರ್ ಮಸುಕಾಗುತ್ತೆ, ಗಟ್ಟಿಯಾಗಿ ಹಿಡೀರಿ, ನಾಲ್ಕು ಬೆರಳೂ ಕಾಣ್ಲಿ. ಒಂದು ಬೆರಳು ಮಡಿಸುತ್ತಾನೆ. ಎರಡು. ಹಿಡ್ಕೋ ಅಂದೆನಲ್ಲ. ಮೂರು. ಅವಳ ಬಲಗೈ ಮಾತ್ರ ಇನ್ನೂ ಬಿಟ್ಟಿಲ್ಲ, ತನ್ನ ಎಡಗೈ ಓಡಿಹೋಗದ ಹಾಗೆ ಮಣಿಕಟ್ಟನ್ನು ಅದುಮಿ ಹಿಡಿದಿದೆ, ಉಗುರು ಬೆಳ್ಳಗಾಗುವಷ್ಟು, ಸುಕ್ಕುಚರ್ಮದೊಳಕ್ಕೆ ಇಳಿಯುವಷ್ಟು, ನಾಲ್ಕು ಬೆರಳು.