ಸಿನಿಮಾದ ಮಾಣಿಕವ್ವ

ತಮ್ಮ ಮೇಳದ ಸಣ್ಣಾಟವನ್ನು ಸಿನಿಮಾ ಮಾಡಿದ್ದಾರೆ ಎಂದಾಗಲೇ ಸುಂದರವ್ವ ಮೂಗು ಮುರಿದಿದ್ದಳು. ಬಿಡುಗಡೆಗೆ ತಿಂಗಳು ಮುಂಚೆಯೇ ತೋರಿಸುತ್ತೇವೆಂದು ತನ್ನೂರು ಯಂಕಂಚಿಗೆ ಕಾರು ಬಂದು ನಿಂತಾಗಲಂತೂ ಇದರಲ್ಲೇನೋ ಮಸಲತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು. ಸುಮ್ಮನೆ ಕಾರು ಕಳಿಸಲು ಅವಳೇನು ಶಾಸಕಿಯೇ?

'ಮಾಣಿಕವ್ವನ ಸವಾಲು' ಆಟದಲ್ಲಿ ಮೂವತ್ತೆರಡು ವರ್ಷ ಮಾಣಿಕವ್ವನಾಗಿ ಹಾಡಿ ಕುಣಿದವಳು ಅವಳು. ಸಿಂದಗಿ, ಮುದ್ದೇಬಿಹಾಳದ ಕಡೆ ಜನ ಅವಳು ಚಲೋ ಅಂದರೆ ಮಾತ್ರ ಟಿಕೀಟು ತೆಗೆಯುವವರು. ನಿರ್ದೇಶಕ ಸುಜಯ ಇಂಡಿ ಊರಿನ ಮಾಸ್ತರರೊಬ್ಬರ ಮಗ, ಅವನಿಗಿದು ಗೊತ್ತಿಲ್ಲದ್ದೇನಲ್ಲ.

ಅವಳಿಗೆ ನೋಡಬೇಕಿದ್ದದ್ದು ಒಂದೇ: ಸೋಮನಿಂಗನನ್ನು ಇಟ್ಟಿದ್ದಾರೋ, ಅಳಿಸಿದ್ದಾರೋ. ಅಪವಾದ ಹೊತ್ತ ಮಾಣಿಕವ್ವ ಹಿಂದಕ್ಕೆ ತಿರುಗಿ "ನಂದೇನು ತಪ್ಪೈತಿ ಹೇಳು" ಎಂದು ಹಾಡಿ ಕೇಳುತ್ತಾಳೆ. ಹಿಮ್ಮೇಳದಲ್ಲಿ ತಾಳ ಹಿಡಿದು ನಿಂತ ಸೋಮನಿಂಗ "ಇಲ್ಲವ್ವ, ನಿಂದೇನೂ ತಪ್ಪಿಲ್ಲ" ಎನ್ನುತ್ತಿದ್ದ. ಅಷ್ಟಕ್ಕೇ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ಹಿಮ್ಮೇಳದವರ ಮಾತನ್ನು ಆಟದ ಪುಸ್ತಕದಲ್ಲಿ ಬರೆಯುವ ರೂಢಿಯಿಲ್ಲ. ಅವನು ಸತ್ತು ಎರಡು ವರ್ಷ. ಸಿನಿಮಾದವರಿಗೆ ಅವನ ನೆನಪು ಎಲ್ಲಿಂದ ಬರಬೇಕು?

ಇಂಡಿ ಊರಿನ ಟಾಕೀಸಿನಲ್ಲಿ ಕತ್ತಲಾದದ್ದೇ ತಡ, ಅವಳ ಕಣ್ಣು ತಪ್ಪು ಹುಡುಕತೊಡಗಿತು. ಕೂಲಿ ಮಾಡುವ ಮಾಣಿಕವ್ವನ ಸೀರೆಗೆ ಒಂದು ಸುಕ್ಕಿಲ್ಲ. ಹಾರ್ಮೋನಿಯಂ ಪೇಟಿಯ ಬದಲು ಎಂಥೆಂಥವೋ ವಾದ್ಯ. ಕೊನೆಗೂ ಆ ಹಾಡು ಬಂತು. ಮಾಣಿಕವ್ವನ ಪಾತ್ರದ ಹುಡುಗಿ ತಿರುಗಿ ಕೇಳಿದಳು. ವಾದ್ಯಗಳೆಲ್ಲ ನಿಂತವು. ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹುಡುಗಿ ಮುಂದಿನ ಸಾಲು ಎತ್ತಿಕೊಂಡಳು. ಸುಂದರವ್ವ ಅಂದುಕೊಂಡಂತೆಯೇ ಆಯಿತು.

ಹೊರಗೆ ಸುಜಯ ಕೈಮುಗಿದು ನಿಂತಿದ್ದ. "ಅವ್ವಾರ, ಹೆಂಗಾಗೇದರಿ?"

"ಸೋಮನಿಂಗನ್ನ ಯಾಕ ತಗದೀಪಾ?"

"ಯಾವ ಸೋಮನಿಂಗ್ರಿ?"

"ಮಾಣಿಕವ್ವ ಕೇಳತಾಳಲ್ಲ, ಅದಕ್ಕ ಉತ್ತರಾ ಕೊಡಾಂವ."

ಸುಜಯ ಕಕ್ಕಾಬಿಕ್ಕಿಯಾದ. "ಅಲ್ಲಿ ಉತ್ತರ ಅದ ಅಂತ ನಮಗ ಗೊತ್ತಿಲ್ರಿ. ಹೋದ ವರ್ಷ ಬಸವನ ಬಾಗೇವಾಡಿಯೊಳಗ ನೀವ ಹಾಡಿ ರಿಕಾರ್ಡ್ ಮಾಡಿಸಿದ್ರಲ್ರಿ, ಅದನ್ನ ಕೇಳಿ ಅದರಂಗ ಮಾಡೇವಿ. ಆ ಸಾಲು ಆದಮ್ಯಾಲೆ ನೀವು ಅಷ್ಟ ಹೊತ್ತು ಸುಮ್ಮನ ನಿಂತಿದ್ರಿ. ಪದ್ಧತಿನ ಹಂಗ ಅದ ಅಂತ ತಿಳಕೊಂಡ್ವಿ."

ಅವಳಿಗೆ ಬಾಗೇವಾಡಿಯ ಆ ಸಣ್ಣ ಕೋಣೆ ಕಣ್ಣಿಗೆ ಕಟ್ಟಿತು. ಮುಂದೆ ಮೈಕು, ಹಿಂದೆ ಬರೀ ಗೋಡೆ. ಒಬ್ಬಳೇ ಹಾಡಿದ್ದಳು. ನಡುವೆ ಸುಮ್ಮನೆ ನಿಂತದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಸತ್ತವನ ಮಾತಿಗೆ ಕಾಯುತ್ತ ನಿಂತಿದ್ದಳು.

"ತಪ್ಪಾಗಿದ್ರ ಹೇಳ್ರಿ," ಎಂದ ಸುಜಯ. "ಇನ್ನೂ ವ್ಯಾಳ್ಯಾ ಅದ. ಅಲ್ಲೆ ಕೊಳಲು ಹಾಕಸ್ತೀನಿ. ಇಲ್ಲಾ ಯಾರ ಕಡಿಂದರೆ ಆ ಮಾತು ಹೇಳಸ್ತೀನಿ."

ಇವನು ಪುಸಲಾಯಿಸುತ್ತಿದ್ದಾನೋ ಏನೋ ಎಂದು ಸುಂದರವ್ವ ಅವನ ಮುಖವನ್ನೇ ದಿಟ್ಟಿಸಿದಳು. ಹುಡುಗ ನಿಜವಾಗಿಯೂ ಹೆದರಿದ್ದ.

"ಸಿನಿಮಾ ನನಗ ಸೇರಲಿಲ್ಲ ತಮ್ಮಾ. ಯಾರ ಕೇಳಿದ್ರೂ ಇದನ್ನ ಹೇಳಾಕಿ ನಾ."

ಸುಜಯ ತಲೆ ತಗ್ಗಿಸಿದ.

"ಆದ್ರ ಅಲ್ಲಿ ಏನೂ ಹಾಕಬ್ಯಾಡ," ಎಂದಳು. "ಅಂವಾ ಆ ಮಾತು ಹೇಳಾಕ ಬರೋಬ್ಬರಿ ಅಷ್ಟ ಹೊತ್ತ ತಗೋತಿದ್ದ."