ಸಾಲಿನಲ್ಲಿ ನಿಂತ ತಾಯಿ

ಡಾಕ್ಟರರು ರೋಗಿಗಳನ್ನು ನೋಡುವುದು ಬಿಟ್ಟು ಸಮಾಜವನ್ನೇ ನೋಡಿಕೊಳ್ಳಲು ಶುರುಮಾಡಿ ವರ್ಷಗಳಾಗಿದ್ದವು. ಒಂದು ಕೈಯಲ್ಲಿ ಶಾಲೆ, ಇನ್ನೊಂದರಲ್ಲಿ ಆಸ್ಪತ್ರೆ. ಹೆತ್ತ ತಾಯಿಗೆಂದು ಮೂರನೇ ಕೈ ಎಲ್ಲಿಂದ ತರಬೇಕು? ತಾಯಿಯ ಪಾದಗಳೆರಡೂ ಬಾತುಕೊಂಡು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. "ಒಂಚೂರು ನೋಡೋ" ಎಂದರೆ, "ಸಂಜೆ ನೋಡ್ತೀನಮ್ಮ" ಎನ್ನುತ್ತಿದ್ದ ಮಗ. ಸಂಜೆಯಾದರೆ ಮನೆ ತುಂಬ ಟ್ರಸ್ಟಿನವರು. ಬೇರೆ ಡಾಕ್ಟರ ಹತ್ತಿರ ಹೋಗಲು ತಾಯಿಗೆ ಮನಸ್ಸಿಲ್ಲ. ಇವನನ್ನು ಓದಿಸಿದ್ದು ಮತ್ಯಾತಕ್ಕೆ?

ಕೊನೆಗೆ ಅವರು ಯಾರಿಗೂ ಹೇಳದೆ, ಸೊಸೆಯ ಹಳೇ ಚಪ್ಪಲಿ ಎಳೆದುಕೊಂಡು ಹೋಗಿ, ಮಗನ ಶಾಲೆಯಲ್ಲಿ ನಡೆಯುತ್ತಿದ್ದ ಉಚಿತ ಆರೋಗ್ಯ ಶಿಬಿರದ ಸಾಲಿನಲ್ಲಿ ನಿಂತರು. ಶಿಬಿರಕ್ಕೊಂದು ಕ್ರಮವಿತ್ತು. ರೋಗಿ ಮೊದಲು ಡಾಕ್ಟರರ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳಬೇಕು. ಪರೀಕ್ಷೆ ಆಮೇಲೆ, ಪಕ್ಕದ ತರಗತಿಯಲ್ಲಿ, ಎಳೆಯ ಡಾಕ್ಟರುಗಳಿಂದ. ಫೋಟೋ ಮುಗಿದರೆ ಚಿಕಿತ್ಸೆಯೂ ಮುಗಿಯಿತೆಂದು ಎಷ್ಟೋ ಜನ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು, ಪಾಪ.

ಟ್ರಸ್ಟಿನ ಕಾರ್ಯದರ್ಶಿ ತಾಯಿಯನ್ನು ಕಂಡು ಬೆಚ್ಚಿಬಿದ್ದ. "ಅಮ್ಮಾ, ನೀವ್ಯಾಕೆ ಇಲ್ಲಿ? ಇದು ದಿಕ್ಕಿಲ್ಲದವರಿಗೆ!"

"ಅದಕ್ಕೇ ಬಂದಿದೀನಪ್ಪ."

ಅವರ ಸರದಿ ಬಂತು. ಮಗ ಕ್ಯಾಮೆರಾದತ್ತ ನಗುತ್ತಲೇ ಅವರ ಕೈ ಹಿಡಿದ. "ಏನು ತೊಂದರೆ, ಅಜ್ಜಿ?"

"ಮಗ ಡಾಕ್ಟರು," ಎಂದರು ತಾಯಿ. "ಅದೇ ತೊಂದರೆ."

ಅವನ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ತಿರುಗಿತು. "ಅಮ್ಮ! ಮನೇಲಿ ಹೇಳೋದಲ್ವಾ?"

ತಾಯಿ ಕಾಲು ಮುಂದೆ ಚಾಚಿದರು. ಅವನು ಬಗ್ಗಿ ಹೆಬ್ಬೆರಳಿನಿಂದ ಒತ್ತಿದ. ಬಿದ್ದ ಗುಳಿ ಮೇಲೇಳಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಕುರ್ಚಿ ಬಿಟ್ಟು ನೆಲಕ್ಕೇ ಕೂತು ಇನ್ನೊಂದು ಕಾಲನ್ನೂ ಒತ್ತಿ ನೋಡಿದ. "ಸಾರ್, ತಲೆ ಎತ್ತಿ" ಎಂದ ಫೋಟೋಗ್ರಾಫರ್. ಅವನು ಎತ್ತಲಿಲ್ಲ. ತಾಯಿಗೆ ಹಿಗ್ಗೋ ಹಿಗ್ಗು. ಎಷ್ಟೋ ವರ್ಷಗಳ ಮೇಲೆ ಮಗ ಡಾಕ್ಟರಂತೆ ಕಾಣುತ್ತಿದ್ದ.

ನೆರೆದವರಿಗೆ ಕಂಡದ್ದೇ ಬೇರೆ. ಅಷ್ಟು ದೊಡ್ಡ ಮನುಷ್ಯ ಯಾರೋ ಬಡ ಮುದುಕಿಯ ಕಾಲ ಬಳಿ ನೆಲದ ಮೇಲೆ ಕೂತಿದ್ದಾರಲ್ಲ! ನಿಜ ಗೊತ್ತಿದ್ದ ಕಾರ್ಯದರ್ಶಿಯೇ ಮೊದಲು ಚಪ್ಪಾಳೆ ಹೊಡೆದ. ಉಳಿದವರೂ ಎದ್ದು ನಿಂತು ಕೋಣೆ ಅದುರುವಂತೆ ತಟ್ಟಿದರು.

"ಮಲಗಿದ್ರೆ ಉಸಿರು ಕಟ್ಟುತ್ತಾ ಅಮ್ಮ? ಎದೆ ನೋಯುತ್ತಾ?" ಮಗ ಕಣ್ಣು ತುಂಬಿಕೊಂಡು ಕೇಳುತ್ತಲೇ ಇದ್ದ. ಆ ಗದ್ದಲದಲ್ಲಿ ತಾಯಿಗೆ ಒಂದು ಮಾತೂ ಕೇಳಿಸಲಿಲ್ಲ.

"ನಿಲ್ಸ್ರೋ!" ಎಂದು ಅವನು ಕಿರುಚಿದ. ಎಂಥ ವಿನಯ ಎಂದುಕೊಂಡು ಜನ ಇನ್ನೂ ಜೋರಾಗಿ ತಟ್ಟಿದರು.