ಇಲಿಯ ಹಾಲು

ನೀಲಕ್ಕನಿಗೆ ದಾವಣಗೆರೆಯಲ್ಲಿ ಸನ್ಮಾನ ಮಾಡಿದ್ದು ಅವಳ ಸಂಶೋಧನೆ ಯಾರಿಗೋ ಅರ್ಥವಾಗಿ ಅಲ್ಲ. ಹತ್ತಿ ಗಿರಣಿಯ ಕೂಲಿ ಮಾರಣ್ಣನ ಮಗಳು ಮುಂಬಯಿಗೆ ಹೋಗಿ ಡಾಕ್ಟರೇಟ್ ತಂದಳು ಅನ್ನುವುದಷ್ಟೇ ಊರಿಗೆ ಸಾಕಾಗಿತ್ತು. ಅವಳು ಇಲಿಗಳನ್ನು ಸಾಕಿ ಕೊಯ್ದು ನೋಡುತ್ತಾಳೆ ಎಂದು ಗೊತ್ತಾದಾಗ ಕೆಲವರು ಮುಸಿಮುಸಿ ನಕ್ಕರು. ಹೆಂಗಸರ ಎದೆಯ ಕ್ಯಾನ್ಸರಿಗಾಗಿ ಎಂದು ತಿಳಿದ ಮೇಲೆ ನಗು ನುಂಗಿಕೊಂಡು ಹಾರದ ವಿಚಾರಕ್ಕೆ ಬಂದರು. ಅದು ೧೯೬೨ರ ಮಾತು.

ಮುಂದಿನ ಸಾಲಿನಲ್ಲಿ ಓಬಕ್ಕ ಕೂತಿದ್ದಳು. ಮಗ ಕೆಂಚಣ್ಣನನ್ನು ಕರೆದುಕೊಂಡು ಹರಿಹರದಿಂದ ಬಸ್ಸಿನಲ್ಲಿ ಬಂದಿದ್ದಳು. ನೀಲಕ್ಕನ ತಂಗಿ ಹೊನ್ನವ್ವ ಇವಳ ಸೊಸೆ, ಹಸಿ ಬಾಣಂತಿ. ಹೆಣ್ಣು ಕೂಸು. ತಾಯಿ ಇದ್ದಿದ್ದರೆ ಬಾಣಂತನ ತವರಿನಲ್ಲೇ ಆಗುತ್ತಿತ್ತು. ಆದರೆ ಅಕ್ಕತಂಗಿಯರ ತಾಯಿ ರಂಗವ್ವ ಎದೆಯಲ್ಲಿ ಗಂಟಾಗಿ, ಗಂಡಸು ಡಾಕ್ಟರಿಗೆ ತೋರಿಸಲು ನಾಚಿ, ಸೆರಗಿನ ಕೆಳಗೇ ಕೊಳೆತು ಸತ್ತಿದ್ದಳು. ಆ ವಾಸನೆ ಓಣಿಗೆಲ್ಲ ಗೊತ್ತಿತ್ತು. ನೀಲಕ್ಕ ಈ ವಿದ್ಯೆಗೆ ಬಿದ್ದದ್ದೇ ಆ ವಾಸನೆಯಿಂದ.

ಅವಳು ಅಚ್ಚ ಕನ್ನಡದಲ್ಲಿ ಮಾತಾಡಿದಳು, ಅದೇ ತಪ್ಪಾಯಿತು. ಇಂಗ್ಲಿಷಿನಲ್ಲಿ ಹೇಳಿದ್ದರೆ ಯಾರ ಮನೆಯೂ ಹಾಳಾಗುತ್ತಿರಲಿಲ್ಲ. ಇಲಿಯ ಎದೆಯ ಒಂದು ಚೂರನ್ನು ಇನ್ನೊಂದು ಇಲಿಯಲ್ಲಿ ನೆಟ್ಟರೆ ಅಲ್ಲಿ ಹಾಲಿನ ಗ್ರಂಥಿಯೇ ಹೊಸದಾಗಿ ಬೆಳೆಯುತ್ತದೆ, ಆ ಚೂರಿನೊಳಗೆ ಉಳಿದೆಲ್ಲವನ್ನೂ ಹೆರುವ ತಾಯಿ ಕಣ ಇರಬೇಕು, ರೋಗ ಅದಕ್ಕೇ ಅಂಟುತ್ತದೆಯೋ ಎಂದು ಹುಡುಕುತ್ತಿದ್ದೇನೆ ಎಂದಳು. ಇದು ಯಾರ ತಲೆಗೂ ಹೋಗಲಿಲ್ಲ. ಆಮೇಲೆ ಹಾಲಿನ ಮಾತು ತೆಗೆದಳು. ಒಂದು ಬಗೆಯ ಇಲಿಗಳಲ್ಲಿ ಈ ರೋಗ ತಾಯಿಯ ಹಾಲಿನಿಂದಲೇ ಹೆಣ್ಣುಮರಿಗೆ ಇಳಿಯುತ್ತದೆ. ಹುಟ್ಟಿದ ಕೂಡಲೇ ಮರಿಯನ್ನು ಬಿಡಿಸಿ, ರೋಗವಿಲ್ಲದ ಬೇರೆ ತಾಯಿಯ ಮಗ್ಗುಲಿಗೆ ಹಾಕಿದರೆ ಬಹಳಷ್ಟು ಮರಿಗಳು ಪಾರಾಗುತ್ತವೆ. ಮನುಷ್ಯರಲ್ಲಿ ಹೀಗೆಂದು ಯಾರೂ ಕಂಡಿಲ್ಲ ಎಂದೂ ಹೇಳಿದಳು. ಆ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಓಬಕ್ಕ ಚಪ್ಪಾಳೆ ತಟ್ಟಲಿಲ್ಲ. ಮಗನನ್ನು ಎಬ್ಬಿಸಿಕೊಂಡು ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದಳು.

ಎರಡು ದಿನ ಬಿಟ್ಟು ನೀಲಕ್ಕ ಕೂಸಿಗೊಂದು ಕುಲಾವಿ ಹಿಡಿದು ಹರಿಹರಕ್ಕೆ ಹೋದಳು. ಹೊನ್ನವ್ವ ಗೋಡೆಗೆ ಒರಗಿ ಕೂತಿದ್ದಳು. ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಇಟ್ಟು ಬಟ್ಟೆ ಬಿಗಿದಿದ್ದರು. ಕೂಸು ಸತ್ತವರ ಎದೆಗೆ ಕಟ್ಟುವ ಹೂವು ಅದು. ಇಲ್ಲಿ ಕೂಸು ಅತ್ತೆಯ ತೊಡೆಯ ಮೇಲೆ ಚೀರುತ್ತಿತ್ತು.

"ಬರ್ರಿ, ಕೂಡ್ರಿ," ಎಂದಳು ಓಬಕ್ಕ, ಕೂಸಿನ ಬಾಯಿಗೆ ಒಳಲೆಯಲ್ಲಿ ಎಮ್ಮೆ ಹಾಲು ಸುರಿಯುತ್ತ. "ನೀವು ಹೇಳಿದಂಗೇ ಮಾಡೀವಿ ನೋಡ್ರಿ. ಇಷ್ಟು ದಿನ ಕುಡಿದದ್ದು ಕುಡೀತು, ಇನ್ನು ಬ್ಯಾಡ."

"ಅದು ಇಲಿಗಳ ಮಾತು ರೀ! ಈ ಹಾಲು ಕೂಸಿಗೆ ಆಗಲ್ಲ, ಭೇದಿ ಹತ್ತುತ್ತೆ. ಅದು ಮಾತ್ರ ನಂಗೆ ಚೆನ್ನಾಗಿ ಗೊತ್ತೈತೆ."

"ನಮ್ಮ ಕೆಂಚ ಇದನ್ನೇ ಕುಡಿದು ಬೆಳೆದಾನೆ."

ಪಕ್ಕದ ಮನೆಯ ಫಕ್ರುನ್ನೀಸಾ ತನ್ನ ಕೂಸಿನ ಜೊತೆ ಇದಕ್ಕೂ ಹಾಲೂಡುತ್ತೇನೆ ಎಂದು ಬಂದು ಕೇಳಿದ್ದಳಂತೆ. ಓಬಕ್ಕ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಳು. ಮುಂಬಯಿಯಲ್ಲಿ ನೀಲಕ್ಕ ಬಿಳಿ ಇಲಿಯ ಮರಿಗಳನ್ನು ಕರಿ ಇಲಿಗೆ ಕೊಡುವಾಗ ಅವು ಒಂದನ್ನೊಂದು ಏನೂ ಕೇಳುತ್ತಿರಲಿಲ್ಲ.

ನೀಲಕ್ಕ ವಾದಿಸಿದಳು, ಬೇಡಿಕೊಂಡಳು. ಕೊನೆಗೆ ಓಬಕ್ಕ ದೇವರ ಮುಂದಿನ ದೀಪ ತಂದು ನೆಲಕ್ಕಿಟ್ಟಳು.

"ದೀಪ ಮುಟ್ಟಿ ಹೇಳ್ರಿ, ರಂಗವ್ವನ ಮಗಳ ಹಾಲಿನಾಗೆ ಏನೂ ಇಲ್ಲ ಅಂತ. ಈಗಿಂದೀಗ್ಲೇ ಕಟ್ಟು ಬಿಚ್ಚಿಸ್ತೀನಿ."

ಕೆಂಚಣ್ಣ ನೆಲ ನೋಡಿದ. ಹೊನ್ನವ್ವ ಅಕ್ಕನನ್ನು ನೋಡಿದಳು. "ಮುಟ್ಟಕ್ಕಾ."

ನೀಲಕ್ಕನಿಗೆ ದೀಪದ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಮುಟ್ಟಿದ್ದರೆ ಬೆರಳೇನೂ ಸುಡುತ್ತಿರಲಿಲ್ಲ. ಒಂದು ಸುಳ್ಳು, ಅದೂ ಬಹುಶಃ ಸುಳ್ಳಲ್ಲದ ಸುಳ್ಳು. ಕೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು.

"ಗೊತ್ತಿಲ್ಲದ್ದನ್ನ ಐತೆ ಅಂತ್ಲೂ ಹೇಳಲ್ಲ, ಇಲ್ಲ ಅಂತ್ಲೂ ಹೇಳಲ್ಲ. ಇನ್ನೂ ಯಾರಿಗೂ ಗೊತ್ತಾಗಿಲ್ಲ, ಹೊನ್ನೀ."

ಇಂಥ ಸತ್ಯವಂತರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಓಬಕ್ಕ ಮೂರ್ಖಳು, ಇರಲಿ. ಓದಿದ ಇವಳಿಗೆ ಏನಾಗಿತ್ತು? ಓಬಕ್ಕ ದೀಪವನ್ನು ಎತ್ತಿ ಮೊದಲಿನ ಜಾಗದಲ್ಲಿಟ್ಟಳು. ಸೊಸೆಯ ಎದೆಯ ಕಟ್ಟನ್ನು ಇನ್ನೊಂದು ಸುತ್ತು ಬಿಗಿದಳು.

ಕೂಸಿಗೆ ಭೇದಿ ಹತ್ತಿತು. ಡಾಕ್ಟರನ್ನು ಕರೆಸುವ ಹೊತ್ತಿಗೆ ಕಣ್ಣು ಗುಳಿಬಿದ್ದಿತ್ತು. ವಾರದೊಳಗೆ ಹೊಳೆ ದಂಡೆಯಲ್ಲಿ ಮಣ್ಣು ಮಾಡಿದರು. ಬಾಣಂತಿ ಹೊಸ್ತಿಲು ದಾಟಬಾರದೆಂದು ಹೊನ್ನವ್ವನನ್ನು ಬಿಡಲಿಲ್ಲ. ಕುಲಾವಿ ಹೊಸದಾಗಿಯೇ ಉಳಿಯಿತು.

ಸುದ್ದಿ ಕೇಳಿ ಮುಂಬಯಿಯ ಪ್ರಯಾಣ ಮುಂದೂಡಿದ್ದ ನೀಲಕ್ಕ, ಹೊರಡುವ ದಿನ ತಂಗಿಯನ್ನು ನೋಡಲು ಬಂದಳು. ಮಲ್ಲಿಗೆ ಒಣಗಿ ಉದುರಿತ್ತು. ಹಾಲು ಬತ್ತಿರಲಿಲ್ಲ. ಹೊನ್ನವ್ವನ ರವಿಕೆ ಎರಡೂ ಕಡೆ ಒದ್ದೆಯಾಗಿತ್ತು. ಅವಳು ಒಳಗೆ ಹೋಗಿ ಅದೇ ಒಳಲೆಯನ್ನು ತಂದು ಅಕ್ಕನ ಮುಂದೆ ಹಿಡಿದಳು. ಅದರ ತುಂಬ ತನ್ನ ಹಾಲು ಹಿಂಡಿದ್ದಳು.

"ತಗಂಡು ಹೋಗಕ್ಕಾ. ನಿನ್ನ ಇಲಿಗೆ ಕುಡಿಸು. ಐತೋ ಇಲ್ಲೋ ಗೊತ್ತಾಗ್ಲಿ."

ನೀಲಕ್ಕ ಒಳಲೆಯನ್ನು ಚೆಲ್ಲಬಹುದಿತ್ತು, ತಂಗಿಯ ಕಾಲು ಹಿಡಿಯಬಹುದಿತ್ತು. ದೀಪ ಮುಟ್ಟಲಾರದ ಕೈ ಒಳಲೆಗೆ ಚಾಚಿತು. ಈ ಹಾಲನ್ನು ಕೆಡದಂತೆ ಮುಂಬಯಿಯವರೆಗೆ ಒಯ್ಯಲು ಮಂಜುಗಡ್ಡೆ ಎಲ್ಲಿ ಸಿಗುತ್ತದೆ ಎಂದು ಅವಳು ಆಗಲೇ ಲೆಕ್ಕ ಹಾಕುತ್ತಿದ್ದಳು. ಹೊನ್ನವ್ವ ಅದನ್ನು ಅಕ್ಕನ ಮುಖದಲ್ಲೇ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೇಸಿಗೆ. ಬಿಸಿಲಲ್ಲಿ ತಾಸುಗಟ್ಟಲೆ ಕಾದು ಹತ್ತಿದ ಬಸ್ಸು ದಾವಣಗೆರೆ ಮುಟ್ಟುವಷ್ಟರಲ್ಲಿ ಹಾಲು ಒಡೆದಿತ್ತು.